ನಡುರಾತ್ರಿಯ ಹಸಿವು ಮತ್ತು ಹಾಲಿನ ಬಾಟಲಿ

ಹೊಸಪೇಟೆಯಲ್ಲಿ ನಾವು ವೈದ್ಯವೃತ್ತಿಯನ್ನು ಆರಂಭಿಸಿ ಮೂರೂವರೆ ದಶಕಗಳಿಗೂ ಮಿಗಿಲಾಯಿತು. ಈ ಅವಧಿಯಲ್ಲಿ ಬಾಣಂತಿಯರ ಮನೆಯವರಿಂದ ನಾವು ಅತಿ ಹೆಚ್ಚು ಬಾರಿ ಕೇಳಿದ ಮಾತು ಒಂದೇ: “ಹಾಲು ಸಾಲ್ತಿಲ್ಲ ಸಾರ್, ರಾತ್ರಿಯೆಲ್ಲಾ ಅಳ್ತೈತಿ. ಯಾವ ಡಬ್ಬಿ ತರಬೇಕು, ಬರ್ಕೊಡ್ರಿ.” ಈ ಮಾತನ್ನು ಆಡುವವರು ಹೆಚ್ಚಾಗಿ ಅತ್ತೆಯವರು ಅಥವಾ ಗಂಡ. ತಾಯಿ ಮಾತ್ರ ಏನೋ ಅಪರಾಧ ಮಾಡಿದವಳಂತೆ ಸೆರಗು ಹೊದ್ದು ಮೌನವಾಗಿ ಕುಳಿತಿರುತ್ತಾಳೆ. ಎಷ್ಟೋ ವೇಳೆ ಅವರು ನಮ್ಮಲ್ಲಿಗೆ ಬರುವ ಹೊತ್ತಿಗೆ ಡಬ್ಬಿ ಮನೆಗೆ ಬಂದಾಗಿರುತ್ತದೆ, ಬಾಟಲಿಯೂ ಬಂದಾಗಿರುತ್ತದೆ. ನಮ್ಮ ಒಪ್ಪಿಗೆಯ ಮುದ್ರೆಯೊಂದು ಬೇಕಾಗಿರುತ್ತದೆ, ಅಷ್ಟೆ.

ಆ ಮುದ್ರೆಯನ್ನು ಒತ್ತುವ ಮೊದಲು ಕೆಲವು ವಿಷಯಗಳನ್ನು ವಿಚಾರ ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ಎಳೆಗೂಸು ರಾತ್ರಿ ಏಳುವುದು ರೋಗವಲ್ಲ, ಹಾಲಿನ ಕೊರತೆಗೆ ಸಾಕ್ಷಿಯೂ ಅಲ್ಲ. ಹುಟ್ಟಿದ ಮೊದಲ ದಿನ ಶಿಶು ಒಂದು ಸಲಕ್ಕೆ ಕುಡಿಯುವುದು ಒಂದೆರಡು ಚಮಚೆಯಷ್ಟು ಗಿಣ್ಣುಹಾಲನ್ನು ಮಾತ್ರ. ಆ ಪುಟ್ಟ ಹೊಟ್ಟೆ ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ. ಆದ್ದರಿಂದ ಮೊದಲ ವಾರಗಳಲ್ಲಿ ಹಗಲು ರಾತ್ರಿ ಸೇರಿ 8ರಿಂದ 12 ಬಾರಿ ಮೊಲೆಯುಣ್ಣುವುದು ಸಹಜ ಕ್ರಮ. ಸುಮಾರು ಮೂರನೆಯ ವಾರ, ಆರನೆಯ ವಾರ, ಮತ್ತೆ ಮೂರನೆಯ ತಿಂಗಳಿನ ಹೊತ್ತಿಗೆ ಮಗು ಏಕಾಏಕಿ ಬೆಳೆಯಲಾರಂಭಿಸುತ್ತದೆ. ಆಗ ಎರಡು ಮೂರು ದಿನಗಳ ಕಾಲ ಗಂಟೆಗೊಮ್ಮೆ ಹಾಲು ಕೇಳಿದರೂ ಅಚ್ಚರಿಯಿಲ್ಲ. ಆ ಬೇಡಿಕೆಯೇ ತಾಯಿಯ ದೇಹಕ್ಕೆ ಹೋಗುವ ಸಂದೇಶ: ನಾಳೆಯಿಂದ ಇನ್ನಷ್ಟು ಹಾಲು ಬೇಕು. ಹಾಲಿನ ಉತ್ಪತ್ತಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿಯ ವೇಳೆ ರಕ್ತದಲ್ಲಿ ಹೆಚ್ಚಾಗಿರುತ್ತದೆ. ಹಾಗಾಗಿ ರಾತ್ರಿ ಉಣಿಸುವ ಹಾಲು ಮರುದಿನದ ಹಾಲಿಗೆ ಬೀಜವಿದ್ದಂತೆ. ಆ ಸಮಯದಲ್ಲಿ ಬಾಟಲಿ ಬಂದು ನಡುವೆ ನಿಂತರೆ ಸಂದೇಶವೇ ಹೋಗುವುದಿಲ್ಲ. ಮಗು ಬಾಟಲಿಯಿಂದ ಹೊಟ್ಟೆ ತುಂಬಿಸಿಕೊಂಡು ಮಲಗುತ್ತದೆ, ಎದೆಯಲ್ಲಿ ಹಾಲು ಕಟ್ಟಿ ನಿಲ್ಲುತ್ತದೆ, ಹಾಗೆ ನಿಂತ ಹಾಲು ಮುಂದಿನ ಉತ್ಪತ್ತಿಯನ್ನು ತಗ್ಗಿಸುತ್ತದೆ. ಎರಡು ವಾರಗಳಲ್ಲಿ ಅತ್ತೆಯವರ ಮಾತು ನಿಜವಾಗಿಬಿಡುತ್ತದೆ: ಹಾಲು ಸಾಲುವುದಿಲ್ಲ.

ಈ ಸಂಗತಿಯನ್ನು ನಮ್ಮ ಪ್ರಾಚೀನರು ಬೇರೆ ಭಾಷೆಯಲ್ಲಿ ಕಂಡುಕೊಂಡಿದ್ದರು. ಮಗುವಿನ ಸ್ಪರ್ಶ, ದರ್ಶನ, ಸ್ಮರಣೆಗಳಿಂದ ಹಾಗೂ ಅದನ್ನು ಎತ್ತಿಕೊಳ್ಳುವುದರಿಂದ ಹಾಲು ಹರಿಯುತ್ತದೆ, ಆ ಪ್ರವಾಹಕ್ಕೆ ನಿರಂತರ ಸ್ನೇಹವೇ ಹೇತು ಎಂಬುದು ಸುಶ್ರುತರ ಅಭಿಪ್ರಾಯ. ಕ್ರೋಧ, ಶೋಕ, ವಾತ್ಸಲ್ಯದ ಅಭಾವ ಇವುಗಳಿಂದ ಸ್ತನ್ಯನಾಶವಾಗುತ್ತದೆ ಎಂದೂ ಅವರು ಹೇಳಿದ್ದಾರೆ. ಹೆದರಿದ, ಅವಮಾನಗೊಂಡ ತಾಯಿಯ ಎದೆಯಿಂದ ಹಾಲು ಸರಾಗವಾಗಿ ಇಳಿಯದೆಂಬುದನ್ನು ಇಂದಿನ ಶರೀರಶಾಸ್ತ್ರವೂ ಒಪ್ಪುತ್ತದೆ. ಹೀಗಿರುವಾಗ ರಾತ್ರಿ ಎರಡು ಗಂಟೆಗೆ ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು “ನಿನ್ನ ಎದೆಯಲ್ಲಿ ಏನೂ ಇಲ್ಲ” ಎನ್ನುವ ಹಿರಿಯರು, ತಮಗರಿವಿಲ್ಲದೆಯೇ ಆ ಹಾಲನ್ನು ತಡೆಯುತ್ತಿರುತ್ತಾರೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆಂದು ಅಳೆದು ನೀರು ಕೊಡುವ ಪದ್ಧತಿ ನಮ್ಮ ಭಾಗದ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಅದಕ್ಕೆ ಶಾಸ್ತ್ರದ ಆಧಾರವಿಲ್ಲ. ಅಳವಿ ಪಾಯಸ, ಅಂಟಿನ ಉಂಡಿ, ಸಬ್ಬಸಿಗೆ ಸೊಪ್ಪು, ಶತಾವರಿ ಎಲ್ಲವೂ ಒಳ್ಳೆಯವೇ, ನಾವೂ ಹೇಳುತ್ತೇವೆ. ಆದರೆ ಮಗುವನ್ನು ಎದೆಗೆ ಹಚ್ಚದೆ ಉಂಡಿಯನ್ನಷ್ಟೇ ತಿಂದರೆ ಹಾಲು ಹೆಚ್ಚದು.

ಹಾಲು ಸಾಲುತ್ತಿದೆಯೋ ಇಲ್ಲವೋ ಎಂಬುದನ್ನು ಅಳುವಿನಿಂದ ತೀರ್ಮಾನಿಸಬಾರದು. ಮೂತ್ರದಿಂದ ಮತ್ತು ತೂಕದಿಂದ ತೀರ್ಮಾನಿಸಬೇಕು. ಐದು ದಿನ ದಾಟಿದ ಶಿಶು ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಬಾರಿ ತಿಳಿಯಾದ ಮೂತ್ರ ಮಾಡುತ್ತಿದ್ದರೆ ಗಾಬರಿ ಬೇಡ. ಹುಟ್ಟಿದ ಮೊದಲ ದಿನಗಳಲ್ಲಿ ಶಿಶುವಿನ ತೂಕ ಸ್ವಲ್ಪ ಇಳಿಯುವುದು ಸ್ವಾಭಾವಿಕ. ಸುಮಾರು ಎರಡು ವಾರಗಳಲ್ಲಿ ಅದು ಜನ್ಮತೂಕಕ್ಕೆ ಮರಳಬೇಕು, ಆ ಬಳಿಕ ಮೊದಲ ಮೂರು ತಿಂಗಳು ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರಬೇಕು. ಅಂಗನವಾಡಿಯಲ್ಲಿ ತೂಕದ ಯಂತ್ರವಿದೆ, ಆಶಾ ಕಾರ್ಯಕರ್ತೆಯರು ಮನೆಗೇ ಬರುತ್ತಾರೆ, ತಾಯಿ ಕಾರ್ಡ್ ಪ್ರತಿ ಮನೆಯಲ್ಲೂ ಇದೆ. ಡಬ್ಬಿ ತರುವ ಮೊದಲು ಮಗುವನ್ನು ತೂಗಿಸಿರಿ ಎಂಬುದು ನಮ್ಮ ಮೊದಲ ವಿನಂತಿ. ತೂಕ ಏರುತ್ತಿಲ್ಲವೆಂದು ಕಂಡುಬಂದರೂ ನೇರವಾಗಿ ಬಾಟಲಿಗೆ ಹೋಗದೆ, ಮಗು ಎದೆಯನ್ನು ಹಿಡಿಯುವ ರೀತಿಯನ್ನು ಬಲ್ಲವರಿಂದ ನೋಡಿಸಬೇಕು. ತೊಟ್ಟನ್ನು ಮಾತ್ರ ಕಚ್ಚಿ ಎಳೆಯುವ ಮಗುವಿಗೆ ಹಾಲು ಸಿಗುವುದಿಲ್ಲ, ತಾಯಿಗೆ ಗಾಯವಾಗುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಬಂದರೆ ಅರ್ಧ ಸಮಸ್ಯೆ ಅಲ್ಲಿಯೇ ತೀರುತ್ತದೆ.

ಅತ್ತ ಮಗುವೆಲ್ಲವೂ ಹಸಿದ ಮಗುವಲ್ಲ. ಕಾಶ್ಯಪ ಸಂಹಿತೆಯಲ್ಲಿ ವೇದನಾಧ್ಯಾಯವೆಂಬ ಒಂದು ಅಧ್ಯಾಯವಿದೆ. ಮಾತು ಬಾರದ ಶಿಶುವಿನ ನೋವನ್ನು ಅದರ ಚೇಷ್ಟೆಗಳಿಂದ ಅರಿಯುವ ಬಗೆಯನ್ನು ಅಲ್ಲಿ ವಿವರಿಸಿದ್ದಾರೆ. ಎದೆಯನ್ನು ತಳ್ಳಿ ಅಳುತ್ತ, ಹೊಟ್ಟೆ ಬಿಗಿದುಕೊಂಡು, ಮುಖ ಬೆವರುತ್ತಿದ್ದರೆ ಹೊಟ್ಟೆಶೂಲೆ. ಕೈಯಿಂದ ಕಿವಿಯನ್ನು ಮುಟ್ಟಿಕೊಳ್ಳುತ್ತ ತಲೆಯನ್ನು ಅತ್ತಿತ್ತ ಹೊರಳಿಸಿದರೆ ಕಿವಿನೋವು. ಇಷ್ಟು ಸೂಕ್ಷ್ಮವಾಗಿ ಮಗುವನ್ನು ನೋಡಿದ ಪರಂಪರೆಯ ವಾರಸುದಾರರಾದ ನಾವು, ಇಂದು ಎಲ್ಲ ಅಳುವಿಗೂ ಒಂದೇ ಔಷಧಿಯೆಂಬಂತೆ ನಿಪ್ಪಲ್ಲನ್ನು ಬಾಯಿಗಿಡುತ್ತಿದ್ದೇವೆ! ನಿಜವಾಗಿ ಹಸಿದ ಮಗು ಅಳುವ ಮೊದಲೇ ಸೂಚನೆ ಕೊಡುತ್ತದೆ. ತುಟಿ ಚಪ್ಪರಿಸುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ, ಕೆನ್ನೆಗೆ ಏನು ತಾಕಿದರೂ ಅತ್ತ ಬಾಯಿ ತಿರುಗಿಸುತ್ತದೆ. ಅಳು ಕೊನೆಯ ಸೂಚನೆ. ತೊಟ್ಟಿಲು ತಾಯಿಯ ಮಂಚದ ಪಕ್ಕದಲ್ಲಿದ್ದರೆ ಈ ಮೊದಲ ಸೂಚನೆಗಳು ಅವಳಿಗೆ ಕಾಣುತ್ತವೆ, ಮನೆಮಂದಿಯೆಲ್ಲ ಏಳುವ ಪ್ರಮೇಯವೇ ಬಾರದು.

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ನಮ್ಮ ಸೀಮೆಯ ತಾಯಂದಿರೆಲ್ಲರೂ ಐದು ತಿಂಗಳು ಬಾಣಂತನದ ಕೋಣೆಯಲ್ಲಿ ಇರಬಲ್ಲವರಲ್ಲ. ಕಾಲುವೆಗೆ ನೀರು ಬಿಟ್ಟೊಡನೆ ಕಂಪ್ಲಿ ಸುತ್ತಿನ ಗದ್ದೆಗಳಲ್ಲಿ ಭತ್ತದ ನಾಟಿ ಆರಂಭವಾಗುತ್ತದೆ. ನಾಟಿ ಹೆಣ್ಣುಮಕ್ಕಳ ಕೆಲಸ. ಎರಡು ತಿಂಗಳ ಕೂಸನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು ಗುಂಪಿನೊಡನೆ ಹೋಗುವವರನ್ನು ನಾವು ಬಲ್ಲೆವು. ಸಂಡೂರಿನ ತಾಂಡಾಗಳಿಂದ ಕೂಲಿಗೆ ಹೋಗುವವರಿದ್ದಾರೆ. ಹಂಪಿ, ಕಮಲಾಪುರಗಳಲ್ಲಿ ಪ್ರವಾಸಿಗರ ಕಾಲ ಬಂದರೆ ಅಡುಗೆ, ಸ್ವಚ್ಛತೆ, ಬುಟ್ಟಿ ವ್ಯಾಪಾರಗಳಿಗೆ ಬೆಳಗ್ಗೆ ಹೊರಟು ಸಂಜೆ ಬರುವವರಿದ್ದಾರೆ. 2017ರ ತಿದ್ದುಪಡಿಯ ಬಳಿಕ ಹೆರಿಗೆ ಸೌಲಭ್ಯದ ಕಾನೂನು 26 ವಾರಗಳ ಸಂಬಳ ಸಹಿತ ರಜೆಯನ್ನೂ, ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲುಣಿಸುವ ವಿರಾಮವನ್ನೂ ಕೊಡುತ್ತದೆ. ಆದರೆ ಗದ್ದೆಯ ಬದುವಿಗೆ ಆ ಕಾಯಿದೆ ಬರುವುದಿಲ್ಲ. ಇಂಥ ತಾಯಿಗೆ “ಎದೆಹಾಲೇ ಕೊಡಮ್ಮ” ಎಂದು ಉಪದೇಶಿಸಿ ಕಳಿಸುವುದು ವೈದ್ಯಧರ್ಮವಲ್ಲ.

ಇಂಥ ಮನೆಗಳಲ್ಲಿ ಒಂದು ವಿಚಿತ್ರ ಕಂಡುಬರುತ್ತದೆ. ಹಗಲೆಲ್ಲ ಅಜ್ಜಿ ಕೊಟ್ಟ ಹಾಲನ್ನು ಅಷ್ಟಿಷ್ಟು ಕುಡಿದು ಮಲಗುವ ಕೂಸು, ತಾಯಿ ಬಂದ ಮೇಲೆ ಬೆಳಗಿನವರೆಗೆ ಎದೆಯನ್ನು ಬಿಡುವುದೇ ಇಲ್ಲ. ಹಗಲಿನ ಅಗಲಿಕೆಯನ್ನು ಅದು ರಾತ್ರಿ ತುಂಬಿಕೊಳ್ಳುತ್ತಿರುತ್ತದೆ. ಮನೆಯವರು ಇದನ್ನು ಹಾಲಿನ ಕೊರತೆಯೆಂದು ಭಾವಿಸಿ ರಾತ್ರಿಗೂ ಬಾಟಲಿಯನ್ನು ತರುತ್ತಾರೆ. ಅಲ್ಲಿಗೆ ತಾಯಿಯ ಹಾಲಿಗೆ ಉಳಿದಿದ್ದ ಒಂದೇ ದಾರಿಯೂ ಮುಚ್ಚುತ್ತದೆ. ದುಡಿಯುವ ತಾಯಿಗೆ ನಮ್ಮ ಸಲಹೆ ಇದು: ಹಗಲು ಅನಿವಾರ್ಯವಾದರೆ ಮೇಲುಹಾಲು ಇರಲಿ, ರಾತ್ರಿಯನ್ನು ಮಾತ್ರ ಬಾಟಲಿಗೆ ಬಿಟ್ಟುಕೊಡಬೇಡಿರಿ. ಮಲಗಿಯೇ ಉಣಿಸಬಹುದು. ಬೆಳಗ್ಗೆ ಹೊರಡುವ ಮೊದಲು ಸ್ವಚ್ಛ ಕೈಗಳಿಂದ ಸ್ವಚ್ಛ ಸ್ಟೀಲ್ ಲೋಟಕ್ಕೆ ಹಾಲನ್ನು ಹಿಂಡಿಟ್ಟು ಹೋಗಬಹುದು. ಇಪ್ಪತ್ತೈದು ಡಿಗ್ರಿಯ ತಂಪಿನಲ್ಲಿ ಅದು ನಾಲ್ಕು ಗಂಟೆ ಕೆಡದೆ ಉಳಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅಷ್ಟು ಹೊತ್ತು ನಂಬಬಾರದು, ಫ್ರಿಜ್ ಇಲ್ಲದಿದ್ದರೆ ಮೊದಲ ಊಟಕ್ಕೇ ಅದನ್ನು ಬಳಸಿಬಿಡಬೇಕು.

ಇನ್ನು ಮೇಲುಹಾಲು ನಿಜವಾಗಿಯೂ ಬೇಕಾಗುವ ಮಕ್ಕಳೂ ಉಂಟು. ತಾಯಿಯನ್ನು ಕಳೆದುಕೊಂಡವು, ದತ್ತು ಬಂದವು, ತಾಯಿ ತೀವ್ರ ಕಾಯಿಲೆಯಲ್ಲಿರುವವು, ಹಾಲಿನೊಡನೆ ಸೇರಬಾರದ ಔಷಧಿಯನ್ನು ತಾಯಿ ಸೇವಿಸುತ್ತಿರುವವು, ಎಲ್ಲ ಪ್ರಯತ್ನದ ನಂತರವೂ ತೂಕ ಏರದ ಅವಳಿ ಮಕ್ಕಳು. ಈ ಮನೆಗಳಲ್ಲಿ ಬಾಟಲಿಯನ್ನು ಕಂಡು ಮೂಗು ಮುರಿಯುವವರನ್ನು ನಾವು ಒಪ್ಪುವುದಿಲ್ಲ. ಸ್ತನ್ಯವಿಲ್ಲದಾಗ ಆಡಿನ ಹಾಲು ಅಥವಾ ಹಸುವಿನ ಹಾಲನ್ನು ಕೊಡಬಹುದೆಂದು ವಾಗ್ಭಟರೇ ಅವಕಾಶ ಕಲ್ಪಿಸಿದ್ದಾರೆ. ಪುಡಿಹಾಲು ಇಲ್ಲದ ಕಾಲದ ಮಾತು ಅದು. ಇಂದು ಆಯುರ್ವೇದದ ಹೆಸರಿನಲ್ಲಿ ಆರು ತಿಂಗಳೊಳಗಿನ ಕೂಸಿಗೆ ಹಸುವಿನ ಹಾಲನ್ನೇ ಕೊಡಿರೆಂದು ಹಟ ಹಿಡಿಯುವುದು ಸರಿಯಲ್ಲ. ಅದರಲ್ಲಿ ಕಬ್ಬಿಣಾಂಶ ಅತ್ಯಲ್ಪ, ಪ್ರೋಟೀನು ಮತ್ತು ಲವಣಗಳು ಎಳೆಯ ಮೂತ್ರಪಿಂಡಗಳಿಗೆ ಅಧಿಕ. ಆಡಿನ ಹಾಲಿನಲ್ಲಿ ಫೋಲಿಕ್ ಆಮ್ಲ ಬಹಳ ಕಡಿಮೆ. ವೈದ್ಯರ ಸಲಹೆಯಂತೆ ಶಿಶುಗಳ ಪುಡಿಹಾಲೇ ಈ ವಯಸ್ಸಿಗೆ ಸೂಕ್ತ.

ಆದರೆ ಡಬ್ಬಿ ತಂದರೆ ಸಾಲದು, ಅದನ್ನು ನಡೆಸುವ ಶಕ್ತಿಯೂ ಬೇಕು. ನಾವು ಕಂಡ ದೊಡ್ಡ ಅಪಾಯ ಬಾಟಲಿಗಿಂತ ಹೆಚ್ಚಾಗಿ ಬಾಟಲಿಯೊಳಗಿನ ನೀರಿನದು. ಡಬ್ಬಿ ದುಬಾರಿ. ಹತ್ತು ದಿನ ಬರಬೇಕಾದುದನ್ನು ಇಪ್ಪತ್ತು ದಿನಕ್ಕೆ ಎಳೆಯಲು ಒಂದು ಚಮಚೆಯ ಜಾಗದಲ್ಲಿ ಅರ್ಧ ಚಮಚೆ ಹಾಕುತ್ತಾರೆ. ಕೂಸಿನ ಹೊಟ್ಟೆ ನೀರಿನಿಂದ ಉಬ್ಬುತ್ತದೆ, ನಿದ್ದೆ ಬರುತ್ತದೆ, ಮೈ ಹತ್ತುವುದಿಲ್ಲ. ಮೂರು ತಿಂಗಳ ಮಗು ಒಂದೂವರೆ ತಿಂಗಳ ಮಗುವಿನಷ್ಟೇ ಇರುವುದನ್ನು ಕಂಡಾಗ ನಾವು ಮೊದಲು ಕೇಳುವ ಪ್ರಶ್ನೆ, “ಎಷ್ಟು ನೀರಿಗೆ ಎಷ್ಟು ಪುಡಿ ಹಾಕುತ್ತೀರಿ?” ಎಂಬುದು. ಡಬ್ಬಿಯ ಮೇಲೆ ಮುದ್ರಿಸಿದ ಪ್ರಮಾಣವೇ ಪ್ರಮಾಣ. ನಮ್ಮಲ್ಲಿ ಸಿಗುವ ಹೆಚ್ಚಿನ ಡಬ್ಬಿಗಳಲ್ಲಿ 30 ಮಿಲಿ ನೀರಿಗೆ ಒಳಗಿರುವ ಚಮಚೆಯಿಂದ ಸಮವಾಗಿ ಸವರಿದ ಒಂದು ಚಮಚೆ. ಮೊದಲು ನೀರು ಅಳೆಯಬೇಕು, ಆಮೇಲೆ ಪುಡಿ. ಮೇಲುಹಾಲನ್ನೇ ನಂಬಿದ ಎಳೆಗೂಸಿಗೆ ದಿನಕ್ಕೆ ಸುಮಾರಾಗಿ ಕಿಲೋ ತೂಕಕ್ಕೆ 150 ಮಿಲಿ ಬೇಕಾಗುತ್ತದೆ. ನಾಲ್ಕು ಕಿಲೋ ಮಗುವಿಗೆ ಇಡೀ ದಿನಕ್ಕೆ 600 ಮಿಲಿ, ಎಂಟು ಬಾರಿ ಕೊಟ್ಟರೆ ಒಂದು ಸಲಕ್ಕೆ 75 ಮಿಲಿ. ಈ ಲೆಕ್ಕವನ್ನು ತಿಂಗಳ ವೆಚ್ಚಕ್ಕೆ ತಿರುಗಿಸಿ ನೋಡಿದ ಬಳಿಕ ಎಷ್ಟೋ ಮನೆಯವರು ಎದೆಹಾಲಿಗೆ ಮರಳುವ ಪ್ರಯತ್ನಕ್ಕೆ ಒಪ್ಪಿದ್ದಾರೆ.

ರಾತ್ರಿಯ ಮಟ್ಟಿಗೆ ಮುಖ್ಯವಾದುದು ಶುಚಿತ್ವ. ಸಂಜೆಯೇ ಹಾಲು ಬೆರೆಸಿ ಫ್ಲಾಸ್ಕಿನಲ್ಲಿ ಬೆಚ್ಚಗೆ ಇಟ್ಟು ರಾತ್ರಿಯಿಡೀ ಅದನ್ನೇ ಕೊಡುವ ಪದ್ಧತಿ ನಗರದ ಮನೆಗಳಲ್ಲೂ ಇದೆ. ಬೆಚ್ಚಗಿನ ಹಾಲು ರೋಗಾಣುಗಳಿಗೆ ಹೊಲವಿದ್ದಂತೆ. ಫ್ಲಾಸ್ಕಿನಲ್ಲಿ ಇರಬೇಕಾದುದು ಕುದಿಸಿದ ಬಿಸಿನೀರು ಮಾತ್ರ. ಮೊಹರು ಮುರಿಯದ ಡಬ್ಬಿಯ ಪುಡಿಯೂ ಸಂಪೂರ್ಣ ರೋಗಾಣುರಹಿತವಲ್ಲ. ಆದ್ದರಿಂದ 70 ಡಿಗ್ರಿಗೆ ಕಡಿಮೆಯಿಲ್ಲದ ಬಿಸಿನೀರಿನಲ್ಲೇ ಕಲಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಲಸಿದ ಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮುಂಗೈ ಮೇಲೆ ಎರಡು ಹನಿ ಹಾಕಿ ನೋಡಿ ಕೊಡಬೇಕು. ಎರಡು ಗಂಟೆಯೊಳಗೆ ಕುಡಿಯದೆ ಉಳಿದುದನ್ನು ಚೆಲ್ಲಬೇಕು. “ಅಷ್ಟು ದುಡ್ಡಿನ ಹಾಲು ಚೆಲ್ಲೋದೇ?” ಎಂದು ಮತ್ತೆ ಕಾಯಿಸಿ ಕೊಟ್ಟರೆ ಆ ದುಡ್ಡಿನ ಹಲವು ಪಟ್ಟು ವಾಂತಿಭೇದಿಯ ಚಿಕಿತ್ಸೆಗೆ ಹೋಗುತ್ತದೆ. ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಾಗಿವೆ, ಸಂತೋಷ. ಆದರೆ ಆ ನೀರು ಕ್ಯಾನಿನಲ್ಲಿ ತುಂಬಿ, ಮನೆಯ ಕೊಡಕ್ಕೆ ಸುರಿದು, ಲೋಟ ಅದ್ದಿ ತೆಗೆಯುವಷ್ಟರಲ್ಲಿ ಶುದ್ಧವಾಗಿ ಉಳಿದಿರುವುದಿಲ್ಲ. ಕೂಸಿಗೆ ಅದನ್ನೂ ಕುದಿಸಲೇಬೇಕು.

ಬಾಟಲಿಯ ಬಗ್ಗೆ ನಮಗೆ ವಿಶೇಷ ಮಮತೆಯಿಲ್ಲ. ಅದರ ಕತ್ತಿನ ಸಂದು, ನಿಪ್ಪಲ್ಲಿನ ಒಳಮೈ ಇವು ನಿದ್ದೆಗಣ್ಣಿನ ತೊಳೆತಕ್ಕೆ ಶುಚಿಯಾಗುವುದಿಲ್ಲ. ಬ್ರಷ್ಷಿನಿಂದ ಉಜ್ಜಿ ತೊಳೆದು, ನೀರಿನಲ್ಲಿ ಪೂರ್ಣ ಮುಳುಗುವಂತೆ ಹತ್ತು ನಿಮಿಷ ಕುದಿಸಬೇಕು, ಅದೂ ಪ್ರತಿ ಸಲ. ನಮ್ಮ ಅಜ್ಜಿಯಂದಿರ ಒಳಲೆಯನ್ನು ಇಲ್ಲಿ ನೆನೆಯಲೇಬೇಕು. ಮೂತಿಯುಳ್ಳ ಆ ಪುಟ್ಟ ಬಟ್ಟಲಿಗೆ ಸಂದುಗೊಂದುಗಳಿಲ್ಲ, ಬೆಳ್ಳಿಯದಾಗಲಿ ಸ್ಟೀಲಿನದಾಗಲಿ ಬೇಗ ತೊಳೆಯಬಹುದು, ಬೇಗ ಕುದಿಸಬಹುದು. ಒಳಲೆಯಲ್ಲಿ ಕುಡಿದ ಮಗು ತಾಯಿಯ ಎದೆಯನ್ನು ಚೀಪುವ ಕ್ರಮವನ್ನು ಮರೆಯುವ ಸಂಭವವೂ ಕಡಿಮೆ. ಬಟ್ಟಲಿನಿಂದ ಕುಡಿಸುವುದನ್ನೇ ಇಂದಿನ ಶಿಶುತಜ್ಞರೂ ಬಾಟಲಿಗಿಂತ ಮೇಲೆಂದು ಹೇಳುತ್ತಾರೆ. ಒಂದು ಎಚ್ಚರಿಕೆ ಅಗತ್ಯ: ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಬಾಯಿ ಹಿಡಿದು ಸುರಿಯುವ ಹಳೆಯ ರೂಢಿ ಬೇಡ. ಅದರಿಂದ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ತಲೆ ಎತ್ತರದಲ್ಲಿರುವಂತೆ ಮಡಿಲಲ್ಲಿ ಕೂರಿಸಿ, ಒಳಲೆಯ ಅಂಚನ್ನು ಕೆಳತುಟಿಗೆ ತಾಗಿಸಿ, ಅದು ತಾನಾಗಿ ಗುಟುಕರಿಸುವಂತೆ ಕೊಡಬೇಕು. ಕುಡಿದ ಬಳಿಕ ಹೆಗಲಿಗೆ ಹಾಕಿಕೊಂಡು ತೇಗು ಬರಿಸಬೇಕು. ಅನಿವಾರ್ಯವಾಗಿ ಬಾಟಲಿಯನ್ನೇ ಬಳಸುವವರು ದಿಂಬಿಗೆ ಒರಗಿಸಿಟ್ಟು ತಾವು ಮಲಗಬಾರದು. ಉಸಿರುಗಟ್ಟುವ ಅಪಾಯವಿದೆ, ಕಿವಿ ಸೋರುವುದಕ್ಕೂ ಅದು ಕಾರಣ. ಹಲ್ಲು ಬಂದ ಮಗು ಬಾಟಲಿ ಕಚ್ಚಿಕೊಂಡೇ ನಿದ್ರಿಸಿದರೆ ಮುಂಭಾಗದ ಹಲ್ಲುಗಳು ಹುಳುಕಾಗುತ್ತವೆ.

ರಾತ್ರಿ ಚೆನ್ನಾಗಿ ಮಲಗಲೆಂದು ಬಾಟಲಿಗೆ ರಾಗಿ ಹಿಟ್ಟು, ಪುಡಿ ಮಾಡಿದ ಬಿಸ್ಕತ್ತು, ಸಕ್ಕರೆ ಸೇರಿಸುವವರಿದ್ದಾರೆ. ಆರು ತಿಂಗಳ ಮೊದಲು ಇವೊಂದೂ ಬೇಡ. ರಾಗಿ ಸರಿ ಆರು ತಿಂಗಳ ನಂತರ ಚಮಚೆಯಿಂದ ತಿನ್ನಿಸಬೇಕಾದ ಆಹಾರ, ಬಾಟಲಿಯ ಪಾನೀಯವಲ್ಲ. ಜಾಯಿಕಾಯಿಯನ್ನು ತೇಯ್ದು ನೆಕ್ಕಿಸಿ ನಿದ್ದೆ ಬರಿಸುವುದು ಇನ್ನೂ ಕೆಟ್ಟದ್ದು. ಅದು ಅಮಲಿನ ನಿದ್ದೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನು ನಿಪ್ಪಲ್ಲಿಗೆ ಹಚ್ಚುವುದೂ ಅಪಾಯಕರ. ಆಯುರ್ವೇದ ವೈದ್ಯರೇ ಹೀಗೆ ಹೇಳುತ್ತಾರೆಯೇ ಎಂದು ಕೆಲವರು ಹುಬ್ಬೇರಿಸಬಹುದು. ಹೌದು, ನಾವೇ ಹೇಳುತ್ತಿದ್ದೇವೆ.

ವ್ಯಾಪಾರದ ಕಡೆಗೂ ಒಂದು ಮಾತು. ಶಿಶುಗಳ ಹಾಲಿನಪುಡಿ ಮತ್ತು ಹಾಲುಣಿಸುವ ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯಿದೆ ನಿಷೇಧಿಸಿದೆ. 2003ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಲಾಯಿತು. ಡಬ್ಬಿಯ ಮೇಲೆ ಮಗುವಿನ ಚಿತ್ರವಿರಕೂಡದು, ತಾಯಿಯ ಹಾಲೇ ಶ್ರೇಷ್ಠವೆಂಬ ಸೂಚನೆ ಇರಲೇಬೇಕು. ಓದಿ ನೋಡಿರಿ, ಡಬ್ಬಿಯೇ ತನ್ನ ವಿರುದ್ಧ ಸಾಕ್ಷಿ ಹೇಳುತ್ತದೆ. ಆದರೂ ಇಂದು ಮೊಬೈಲಿನ ಪರದೆಯಲ್ಲಿ ನಗುವ ತಾಯಂದಿರು ಯಾವ ಪುಡಿ ಕೊಟ್ಟರೆ ಮಗು ರಾತ್ರಿಯೆಲ್ಲ ಮಲಗುತ್ತದೆಂದು ಹೇಳುವುದು ನಿಂತಿಲ್ಲ.

ಯಾವ ಹಾಲನ್ನು ಕುಡಿಯುವ ಕೂಸೇ ಆಗಲಿ, ಕುಡಿಯುವುದನ್ನೇ ಬಿಟ್ಟರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ, ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ, ಉಸಿರಾಟದಲ್ಲಿ ಎದೆ ಒಳಸೆಳೆದುಕೊಂಡರೆ, ಆರೇಳು ಗಂಟೆ ಮೂತ್ರ ಮಾಡದಿದ್ದರೆ ಬೆಳಗಾಗಲೆಂದು ಕಾಯಬೇಡಿರಿ. ನಮ್ಮಂಥವರ ಬಾಗಿಲನ್ನೂ ತಟ್ಟಬೇಡಿರಿ. 108ಕ್ಕೆ ಕರೆ ಮಾಡಿ ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಒಯ್ಯಿರಿ.

ಕೊನೆಗೆ ಮನೆಯ ಗಂಡಸರ ವಿಷಯ. ಸಂಡೂರಿನ ಕಡೆ ಅದಿರಿನ ಲಾರಿ ನಡೆಸುವ ಯುವಕನೊಬ್ಬ, ಹೆಂಡತಿಯ ಹಾಲಿನ ವಿಷಯವಾಗಿ ಬಂದವನು, “ನನಗೇನು ಹಾಲು ಬರ್ತದಾ ಸಾರ್, ನಾನೇನು ಮಾಡ್ಲಿ?” ಎಂದು ಕೇಳಿದ. ಪ್ರಶ್ನೆ ಪ್ರಾಮಾಣಿಕವಾಗಿತ್ತು. ರಾತ್ರಿ ಮಗು ಮಿಸುಕಿದೊಡನೆ ಎತ್ತಿ ತಾಯಿಯ ಪಕ್ಕಕ್ಕೆ ಕೊಡುವುದು, ಒದ್ದೆ ಬಟ್ಟೆ ಬದಲಿಸುವುದು, ತೇಗು ಬರಿಸಿ ಮಲಗಿಸುವುದು, ತಾಯಿಯ ತಲೆದೆಸೆಯಲ್ಲಿ ಒಂದು ತಂಬಿಗೆ ನೀರಿಡುವುದು, ಮೇಲುಹಾಲು ಕೊಡುವ ಮನೆಯಾದರೆ ನೀರು ಕುದಿಸಿ ಅಳೆದು ಕಲಸುವುದು, ಇವಕ್ಕೆ ಯಾವುದಕ್ಕೂ ಎದೆಹಾಲು ಬೇಡ. ಮತ್ತೊಂದು ಕೆಲಸ ಬೆಳಗಿನದು. ರಾತ್ರಿ ನಿದ್ದೆಗೆಟ್ಟವರು ಕೆಟ್ಟ ನಿದ್ದೆಯ ಅರ್ಧದಷ್ಟನ್ನು ಬೆಳಗ್ಗೆ, ಊಟಕ್ಕೆ ಮೊದಲು ಮಲಗಿ ತುಂಬಿಕೊಳ್ಳಬೇಕೆಂದು ವಾಗ್ಭಟರು ವಿಧಿಸಿದ್ದಾರೆ. ನಾಲ್ಕು ಗಂಟೆ ಜಾಗರಣೆ ಮಾಡಿದ ಬಾಣಂತಿಗೆ ಎರಡು ಗಂಟೆಯ ನಿದ್ದೆ ಶಾಸ್ತ್ರಸಮ್ಮತ. ಬಿಸಿಲೇರುವ ತನಕ ಸೊಸೆ ಮಲಗಿದ್ದಾಳೆಂದು ಅಡುಗೆಮನೆಯಿಂದ ಮಾತು ಬಂದಾಗ, ಇದನ್ನು ತಾಯಿಯವರಿಗೆ ಗೌರವದಿಂದ ತಿಳಿಸಿ ಹೇಳುವವನು ಮಗನೇ ಆಗಬೇಕು. ಆ ಎರಡು ಗಂಟೆ ಕೂಸನ್ನು ಎತ್ತಿಕೊಂಡು ಅಂಗಳದ ಎಳೆಬಿಸಿಲಲ್ಲಿ ಅಡ್ಡಾಡುವವನೂ ಅವನೇ.